ದೇಹಶೋಧಕ ಯಂತ್ರವೂ ಪ್ರಯಾಣಿಕನ ಮಾನವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಕೃಷ್ಣೆಯೂ ಘಟಪ್ರಭೆಯೂ ಹರಿಯುತ್ತವೆ, ಕಬ್ಬು ಬೆಳೆಯುತ್ತದೆ, ಮಗ್ಗಗಳ ಸದ್ದು ಕೇಳುತ್ತದೆ. ವಿಮಾನ ನಿಲ್ದಾಣವೊಂದು ಮಾತ್ರ ಇಲ್ಲ. ವಿಮಾನಯಾನಕ್ಕೆ ಈ ನೆಲವು ಸಲ್ಲಿಸಿದ ಕಾಣಿಕೆ ಯಾವುದೆಂದು ಯಾರಾದರೂ ಕೇಳಿದರೆ, ಆಗ್ರಾ ವಾಯುನೆಲೆಯ ಓಡುದಾರಿಯಿಂದ ಹಕ್ಕಿಗಳನ್ನು ಅಟ್ಟುವ ಕಾರ್ಯಕ್ಕೆಂದು 2021ರಲ್ಲಿ ವಾಯುಪಡೆಗೆ ಒಪ್ಪಿಸಲ್ಪಟ್ಟ ಮುಧೋಳ ತಳಿಯ ನಾಯಿಮರಿಗಳನ್ನು ನಾವು ಹೆಸರಿಸಬಹುದು. ಆದರೂ ಇಲ್ಲಿಯ ಜನ ವಿಮಾನವನ್ನೇರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಅಮೆರಿಕೆಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿ, ಹಜ್ ಯಾತ್ರೆಗೆ ಹೊರಟ ವೃದ್ಧ ದಂಪತಿಗಳು, ಕೊಲ್ಲಿ ದೇಶಗಳ ದುಡಿಮೆಗೆ ಹೊರಟ ತರುಣ, ಜವಳಿಯ ವ್ಯಾಪಾರಕ್ಕಾಗಿ ಊರೂರು ತಿರುಗುವ ಬನಹಟ್ಟಿಯ ವರ್ತಕ, ಇವರೆಲ್ಲರೂ ಬೆಳಗಾವಿಯ ಸಾಂಬ್ರೆಗೋ ಹುಬ್ಬಳ್ಳಿಗೋ ಕೊಲ್ಲಾಪುರಕ್ಕೋ ಹೋಗಿ, ಅಲ್ಲಿಂದ ಬೆಂಗಳೂರು, ಮುಂಬಯಿ, ದೆಹಲಿಗಳ ಮಹಾನಿಲ್ದಾಣಗಳನ್ನು ಹಾಯ್ದು ಮುಂದುವರಿಯುತ್ತಾರೆ. ಹೀಗೆ ಹೋಗಿಬಂದವರ ಬಾಯಿಂದ ಊರಿನ ಕಟ್ಟೆಗೆ ಬಂದು ಸೇರಿದ ಹೊಸ ಮಾತು ‘ಬಾಡಿ ಸ್ಕ್ಯಾನರ್’ ಎಂಬುದು. ‘ಅದರಾಗ ನಿಂತ್ರ ಮೈಯೆಲ್ಲಾ ಬತ್ತಲೆ ಕಾಣಿಸ್ತದಂತ’ ಎಂದು ಒಬ್ಬರು, ‘ಬಸರ ಹೆಂಗಸರಿಗೆ ಆಗಿಬರೂದಿಲ್ಲಂತ’ ಎಂದು ಇನ್ನೊಬ್ಬರು. ಮೊದಲನೆಯದು ಮಾನದ ಭಯ, ಎರಡನೆಯದು ಪ್ರಾಣದ ಭಯ. ಇವೆರಡೂ ಒಂದೇ ಉಸಿರಿನಲ್ಲಿ ಬರುವುದಾದರೂ ಎರಡರ ಉತ್ತರವೂ ಒಂದೇ ಅಲ್ಲವಾದ್ದರಿಂದ, ಅವನ್ನು ಬೇರ್ಪಡಿಸಿ ಪರಿಶೀಲಿಸುವುದು ಅವಶ್ಯ.

ಯಂತ್ರವು ಬರುವುದಕ್ಕೆ ಮುಂಚೆ ನಮ್ಮಲ್ಲಿದ್ದ ಕ್ರಮವನ್ನು ಮೊದಲು ಸ್ಮರಿಸಬೇಕು. 1971ರ ಜನವರಿಯಲ್ಲಿ ಶ್ರೀನಗರದಿಂದ ಹೊರಟ ‘ಗಂಗಾ’ ಎಂಬ ವಿಮಾನವನ್ನು ಲಾಹೋರಿಗೆ ಅಪಹರಿಸಿ ಒಯ್ದದ್ದು, 1985ರ ಜೂನ್ 23ರಂದು ‘ಕನಿಷ್ಕ’ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಮಡಿದದ್ದು, 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ವಿಮಾನವು ಕಂದಹಾರಕ್ಕೆ ಹೋಗಿ ನಿಂತದ್ದು, ಇಂಥ ಒಂದೊಂದು ದುರಂತದ ತರುವಾಯವೂ ನಮ್ಮ ನಿಲ್ದಾಣಗಳ ಕಾವಲು ಬಿಗಿಯಾಗುತ್ತ ಬಂದಿತು. 2000ದಿಂದ ಮೊದಲುಗೊಂಡು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ಒಂದೊಂದಾಗಿ ನಿಲ್ದಾಣಗಳ ರಕ್ಷಣೆಯನ್ನು ವಹಿಸಿಕೊಂಡಿತು. ಅಂದಿನಿಂದ ಭಾರತದಲ್ಲಿ ವಿಮಾನವನ್ನೇರುವ ಪ್ರತಿಯೊಬ್ಬನೂ ಲೋಹಶೋಧಕ ದ್ವಾರವನ್ನು ದಾಟಿ, ದ್ವಾರವು ಸದ್ದು ಮಾಡಲಿ ಬಿಡಲಿ, ಒಂದು ಸಣ್ಣ ಪೀಠದ ಮೇಲೆ ಕೈಚಾಚಿ ನಿಂತು, ಅಪರಿಚಿತನೊಬ್ಬನ ಕೈಯು ತನ್ನ ಭುಜ, ಬಗಲು, ಸೊಂಟ, ಕಾಲುಗಳ ಮೇಲೆ ಹಾಯುವುದನ್ನು ಸಹಿಸಬೇಕಾಯಿತು. ಸ್ತ್ರೀಯರಿಗೆ ಪರದೆಯ ಮರೆಯೂ ಸ್ತ್ರೀ ಸಿಬ್ಬಂದಿಯೂ ಉಂಟೆಂಬುದಷ್ಟೇ ಭೇದ. ಪಾಶ್ಚಾತ್ಯ ದೇಶಗಳಲ್ಲಿ ಸಂಶಯ ಬಂದವನನ್ನು ಮಾತ್ರ ಮುಟ್ಟಿ ನೋಡುವ ಪದ್ಧತಿಯಿದ್ದಾಗ, ನಮ್ಮಲ್ಲಿ ಮುಟ್ಟುವುದೇ ಸಾಮಾನ್ಯ ನಿಯಮವಾಗಿತ್ತು. ಈ ಒಂದು ವ್ಯತ್ಯಾಸವನ್ನು ಮರೆತವರು ಅಲ್ಲಿಯ ಕೂಗನ್ನು ಇಲ್ಲಿ ಹಾಗೆಯೇ ಎತ್ತುತ್ತಾರೆ. ಅಲ್ಲಿ ಯಂತ್ರವು ಹೊಸದೊಂದು ಅತಿಕ್ರಮಣವಾಗಿ ಬಂದಿತು. ಇಲ್ಲಿ ಅದು ಹಳೆಯದೊಂದು ಅತಿಕ್ರಮಣವನ್ನು ಕಡಿಮೆ ಮಾಡುವ ಭರವಸೆಯೊಡನೆ ಬರುತ್ತಿದೆ.

ಅಲ್ಲಿಗಾದರೂ ಅದು ಬಂದದ್ದು ಒಂದು ಕ್ರಿಸ್ಮಸ್ ದಿನದ ಘಟನೆಯಿಂದ. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟಿಗೆ ಹೋಗುತ್ತಿದ್ದ ವಿಮಾನದಲ್ಲಿ ನೈಜೀರಿಯಾದ ಯುವಕನೊಬ್ಬನು ಒಳಉಡುಪಿನಲ್ಲಿ ಹೊಲಿಸಿಕೊಂಡಿದ್ದ ಸ್ಫೋಟಕವನ್ನು ಸಿಡಿಸಲು ಯತ್ನಿಸಿ, ಅದು ಸರಿಯಾಗಿ ಸಿಡಿಯದೆ ಸಿಕ್ಕಿಬಿದ್ದನು. ಸ್ಫೋಟಕದಲ್ಲಿ ಲೋಹವಿರಲಿಲ್ಲ, ಲೋಹವನ್ನೇ ಹುಡುಕುವ ದ್ವಾರಕ್ಕೆ ಅದು ತಿಳಿಯುವ ಸಂಭವವೂ ಇರಲಿಲ್ಲ. ಬಟ್ಟೆಯ ಕೆಳಗೆ, ಚರ್ಮದ ಮೇಲೆ, ಲೋಹವೋ ಪ್ಲಾಸ್ಟಿಕ್ಕೋ ಪುಡಿಯೋ ಏನೇ ಇದ್ದರೂ ಗುರುತಿಸುವ ಸಾಧನ ಬೇಕೆಂದು ಅಮೆರಿಕೆಯ ಸರ್ಕಾರವು ತ್ವರೆಪಟ್ಟು, ಎರಡು ಬಗೆಯ ಯಂತ್ರಗಳನ್ನು ನೂರಾರು ಸಂಖ್ಯೆಯಲ್ಲಿ ನಿಲ್ಲಿಸಿತು. ಇಂದು ಕಟ್ಟೆಯ ಮೇಲೆ ಕೇಳಿಬರುವ ಭಯಗಳೆಲ್ಲವೂ ಈ ಎರಡು ಬಗೆಗಳನ್ನು ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದವು.

ಮೊದಲನೆಯ ಬಗೆಯದು ಎಕ್ಸ್-ರೇ ಯಂತ್ರ. ವೈದ್ಯರ ಎಕ್ಸ್-ರೇ ದೇಹವನ್ನು ಭೇದಿಸಿ ಹೋದರೆ, ಇದರ ದುರ್ಬಲ ಕಿರಣವು ಚರ್ಮದ ಬಳಿಯಿಂದಲೇ ಚದುರಿ ಹಿಂದಿರುಗಿ ಚಿತ್ರವನ್ನು ರೂಪಿಸುತ್ತಿತ್ತು. ಒಂದು ತಪಾಸಣೆಯಿಂದ ತಗಲುವ ವಿಕಿರಣದ ಪ್ರಮಾಣವು ಸುಮಾರು 0.1 ಮೈಕ್ರೋಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಎತ್ತರದಲ್ಲಿ ಹಾರುವ ವಿಮಾನದೊಳಗೆ ಅಂತರಿಕ್ಷದಿಂದ ಬರುವ ಕಿರಣಗಳು ಗಂಟೆಗೆ ಸುಮಾರು 3ರಿಂದ 5 ಮೈಕ್ರೋಸೀವರ್ಟ್‌ನಷ್ಟು ಹೇಗೂ ಪ್ರತಿಯೊಬ್ಬ ಪ್ರಯಾಣಿಕನಿಗೆ ತಗಲುತ್ತವೆ. ಎಂದರೆ ಯಂತ್ರದಿಂದ ಬಂದದ್ದು ಹಾರಾಟದ ಒಂದೆರಡು ನಿಮಿಷಗಳಲ್ಲಿ ಬರುವುದಕ್ಕಿಂತ ಅಧಿಕವಲ್ಲ. ಹೀಗಿದ್ದಾಗ್ಯೂ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾಲ್ವರು ವಿಜ್ಞಾನಿಗಳು ಅಮೆರಿಕೆಯ ಅಧ್ಯಕ್ಷರ ವಿಜ್ಞಾನ ಸಲಹೆಗಾರರಿಗೆ ಪತ್ರ ಬರೆದು ಎತ್ತಿದ ಪ್ರಶ್ನೆಯು ಉಪೇಕ್ಷಿಸತಕ್ಕದ್ದಾಗಿರಲಿಲ್ಲ: ಈ ಶಕ್ತಿಯು ಇಡೀ ದೇಹದಲ್ಲಿ ಹಂಚಿಹೋಗುವುದಿಲ್ಲ, ಚರ್ಮ ಮತ್ತು ಅದರ ಕೆಳಗಿನ ತೆಳುಪದರದಲ್ಲಿಯೇ ನಿಲ್ಲುತ್ತದೆ, ಆದಕಾರಣ ದೇಹದ ಸರಾಸರಿಯನ್ನು ಲೆಕ್ಕಹಾಕಿ ನಿರಪಾಯವೆನ್ನುವುದು ಸರಿಯೇ? ಸರ್ಕಾರದ ಆರೋಗ್ಯ ಸಂಸ್ಥೆಗಳು ಚರ್ಮದ ಪ್ರಮಾಣವನ್ನೂ ಲೆಕ್ಕ ಮಾಡಿದ್ದೇವೆಂದು ಉತ್ತರವಿತ್ತವು. 2015ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿಯೂ ಪ್ರಮಾಣವು ನಿಗದಿಯಾದ ಮಿತಿಯೊಳಗೇ ಇತ್ತೆಂದು ಹೇಳಿತು. ಆದರೆ ಐರೋಪ್ಯ ಒಕ್ಕೂಟವು ಅಷ್ಟರವರೆಗೆ ಕಾಯಲಿಲ್ಲ. ಒಬ್ಬನಿಗೆ ಅತ್ಯಲ್ಪವಾದ ಅಪಾಯವೂ ಕೋಟ್ಯಂತರ ಜನರ ಮೇಲೆ ಪ್ರತಿವರ್ಷವೂ ಹರಡಿದಾಗ ಅಲ್ಪವಾಗಿ ಉಳಿಯುವುದಿಲ್ಲವೆಂಬುದನ್ನೂ, ಅದೇ ಕೆಲಸವನ್ನು ಎಕ್ಸ್-ರೇ ಇಲ್ಲದೆಯೇ ಮಾಡಬಲ್ಲ ಮತ್ತೊಂದು ಯಂತ್ರವಿರುವುದನ್ನೂ ಮನಗಂಡು, 2011ರ ನವೆಂಬರಿನಲ್ಲಿಯೇ ಆ ಬಗೆಯನ್ನು ತನ್ನ ನಿಲ್ದಾಣಗಳಿಂದ ದೂರವಿಟ್ಟಿತು. ಅಮೆರಿಕೆಯೂ 2013ರ ಮಧ್ಯಭಾಗದೊಳಗೆ ಅವನ್ನು ನಿಲ್ದಾಣಗಳಿಂದ ತೆಗೆಯಿತು. ಆದರೆ ಅದಕ್ಕೆ ಕಾರಣ ವಿಕಿರಣವಲ್ಲ, ಅದು ಮೂಡಿಸುತ್ತಿದ್ದ ನಗ್ನಪ್ರಾಯವಾದ ಚಿತ್ರವನ್ನು ಮರೆಮಾಡುವ ತಂತ್ರಾಂಶವನ್ನು ತಯಾರಕರು ಸಕಾಲಕ್ಕೆ ಒದಗಿಸಲಾರದೆ ಹೋದದ್ದು.

ಎರಡನೆಯ ಬಗೆಯದು ಮಿಲಿಮೀಟರ್ ತರಂಗಗಳ ಯಂತ್ರ. ಭಾರತದಲ್ಲಿ ಈಗ ನಿಲ್ಲುತ್ತಿರುವುದು ಇದೊಂದೇ. ಈ ತರಂಗಗಳಿಗೂ ನಮ್ಮ ದೇಶಕ್ಕೂ ಹಳೆಯ ನಂಟು: ಜಗದೀಶಚಂದ್ರ ಬೋಸರು 1895ರ ವೇಳೆಗೆ ಕಲಕತ್ತೆಯಲ್ಲಿ ಇಂಥ ಕಿರುತರಂಗಗಳನ್ನು ಉತ್ಪಾದಿಸಿ, ಗೋಡೆಗಳಾಚೆಗೆ ಅವನ್ನು ಕಳುಹಿಸಿ ಗಂಟೆಯನ್ನು ಬಾರಿಸಿ ತೋರಿಸಿದ್ದರು, ಅವರು ಪಡೆದ ಅತ್ಯಂತ ಕಿರಿಯ ತರಂಗದ ಉದ್ದ ಸುಮಾರು 5 ಮಿಲಿಮೀಟರ್. ಇಂದಿನ ನಿಲ್ದಾಣದ ಯಂತ್ರಗಳು ಅದೇ ನೆರೆಹೊರೆಯಲ್ಲಿವೆ, ಕೆಲವು 24ರಿಂದ 30 ಗಿಗಾಹರ್ಟ್ಸ್‌ನಲ್ಲಿ, ಕೆಲವು 70ರಿಂದ 80 ಗಿಗಾಹರ್ಟ್ಸ್‌ನಲ್ಲಿ ಕೆಲಸಮಾಡುತ್ತವೆ. ಎಕ್ಸ್-ರೇಯನ್ನು ಅಪಾಯಕರವಾಗಿಸುವ ಗುಣ ಯಾವುದೆಂದರೆ, ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆದು ಜೀವಕೋಶದ ಮೂಲದ್ರವ್ಯವನ್ನು ಕೆಡಿಸಬಲ್ಲ ಶಕ್ತಿ. ಮಿಲಿಮೀಟರ್ ತರಂಗದ ಒಂದೊಂದು ಕಣದ ಶಕ್ತಿಯು ಅದಕ್ಕೆ ಬೇಕಾದುದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಹಗಲಿನ ಬೆಳಕಿಗಿಂತಲೂ ಅದು ದುರ್ಬಲ. ಅಂಥ ತರಂಗವನ್ನು ಎಷ್ಟು ಸುರಿದರೂ ಹೆಚ್ಚೆಂದರೆ ಕಾವು ಹುಟ್ಟೀತು. ಯಂತ್ರವು ಸೂಸುವ ಪ್ರಮಾಣವಾದರೋ ಕಿವಿಗೊತ್ತಿ ಮಾತನಾಡುವ ಮೊಬೈಲ್ ಫೋನಿನದಕ್ಕಿಂತ ಬಹಳ ಅಲ್ಪ, ಅದೂ ಕೆಲವು ಸೆಕೆಂಡುಗಳ ಕಾಲ ಮಾತ್ರ. ಚರ್ಮದಲ್ಲಿರುವ ನೀರು ಅದನ್ನು ಮೇಲ್ಪದರದಲ್ಲಿಯೇ ತಡೆದು ಹಿಂದಿರುಗಿಸುವುದರಿಂದ ಒಂದು ಮಿಲಿಮೀಟರಿಗಿಂತ ಆಳಕ್ಕೆ ಅದು ಇಳಿಯುವುದೇ ಕಷ್ಟ. ಗರ್ಭಸ್ಥ ಶಿಶುವನ್ನು ಅದು ತಲಪುವ ಪ್ರಶ್ನೆಯೇ ಏಳುವುದಿಲ್ಲ.

ಇದರಿಂದ ನಮ್ಮ ವೃದ್ಧರಿಗೆ ಒಂದು ಉಪಕಾರವೂ ಉಂಟು. ಮೊಣಕಾಲಿನ ಕೀಲು ಬದಲಿಸಿಕೊಂಡವರು, ಎಲುಬಿಗೆ ಪಟ್ಟಿ ಹಾಕಿಸಿಕೊಂಡವರು ಲೋಹಶೋಧಕ ದ್ವಾರದಲ್ಲಿ ಪ್ರತಿಸಲವೂ ಸದ್ದು ಮಾಡಿ, ವೈದ್ಯರ ಚೀಟಿಯನ್ನು ಹಿಡಿದು ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತಿತ್ತು. ಚರ್ಮದೊಳಗಿನದನ್ನು ಕಾಣಲಾರದ ಈ ತರಂಗಕ್ಕೆ ಆ ಲೋಹವು ಗೋಚರಿಸುವುದಿಲ್ಲ. ಇನ್ಸುಲಿನ್ ಪಂಪನ್ನು ಮೈಮೇಲೆ ಧರಿಸಿದವರು ಮಾತ್ರ, ಕೆಲವು ತಯಾರಕರು ದೇಹಶೋಧಕ ಯಂತ್ರವನ್ನು ವರ್ಜಿಸಬೇಕೆಂದು ಸೂಚಿಸಿರುವುದರಿಂದ, ಪಂಪಿನ ಜೊತೆಗೆ ಬಂದ ಸೂಚನೆಯನ್ನು ಓದಿಕೊಂಡು ಹೋಗುವುದು ವಿಹಿತ. ಉಳಿದವರಿಗೆ ಪ್ರಾಣಭಯವು ಅಕಾರಣವೆಂದು ನಿಸ್ಸಂಕೋಚವಾಗಿ ಹೇಳಬಹುದು.

ಬಟ್ಟೆಯ ವಿಷಯದಲ್ಲಿ ಈ ತರಂಗದ ನಡತೆಯು ನೇಕಾರರ ಸೀಮೆಯವರಾದ ನಮಗೆ ವಿಶೇಷ ಕುತೂಹಲದ್ದು. ರಬಕವಿ-ಬನಹಟ್ಟಿಯ ಮಗ್ಗದಿಂದಿಳಿದ ಒಣ ನೂಲಿನ ಸೀರೆಯಲ್ಲಿ ಅದು ಗಾಳಿಯು ಹಾಯುವಂತೆ ಹಾಯ್ದುಹೋಗುತ್ತದೆ. ಆದರೆ ಅದೇ ಸೀರೆಯ ನಿರಿಗೆಗಳು ಹೊಟ್ಟೆಯ ಮೇಲೆ ಪದರಪದರವಾಗಿ ಕೂಡಿದಾಗ, ಬೆವರಿನಿಂದ ಒದ್ದೆಯಾದಾಗ, ಅಥವಾ ಸೆರಗಿನಲ್ಲಿ ಲೋಹದ ಜರಿಯಿದ್ದಾಗ, ಯಂತ್ರವು ಅಲ್ಲಿ ಏನೋ ಅಡಗಿದೆಯೆಂದು ಭ್ರಮಿಸುತ್ತದೆ. ಇದು ಕೇವಲ ಊಹೆಯಲ್ಲ. ಜರ್ಮನಿಯ ಹ್ಯಾಂಬರ್ಗ್ ನಿಲ್ದಾಣದಲ್ಲಿ 2010ರಿಂದ 2011ರ ವರೆಗೆ ಸುಮಾರು 8 ಲಕ್ಷ ಪ್ರಯಾಣಿಕರ ಮೇಲೆ ನಡೆದ ಪ್ರಯೋಗದಲ್ಲಿ, ಬಟ್ಟೆಯ ಮಡಿಕೆಗಳನ್ನೂ ಬೆವರನ್ನೂ ಕಂಡು ಯಂತ್ರವು ಪದೇಪದೇ ಹುಸಿ ಎಚ್ಚರಿಕೆ ಕೊಟ್ಟಿತಾಗಿ, ಆ ಸರ್ಕಾರವು ಅದನ್ನು ಆಗ ದೇಶಾದ್ಯಂತ ಸ್ಥಾಪಿಸುವ ವಿಚಾರವನ್ನು ಕೈಬಿಟ್ಟಿತು. ಕೋಟು ಷರಾಯಿಗಳ ದೇಶದಲ್ಲಿ ಹೀಗಾದ ಮೇಲೆ, ಕಚ್ಚೆ ಹಾಕಿದ ಧೋತರ, ಸುತ್ತಿದ ರುಮಾಲು, ಉಟ್ಟ ಇಳಕಲ್ ಸೀರೆಗಳ ನಾಡಿನಲ್ಲಿ ಯಂತ್ರವು ಏನೆಂದೀತು? ಯಂತ್ರದ ತರುವಾಯವೂ ಕೈತಪಾಸಣೆಯು ಮುಂದುವರಿಯುವುದಾದರೆ ಪ್ರಯಾಣಿಕನಿಗೆ ಎರಡು ಶೋಧನೆಗಳ ಶ್ರಮವೇ ಹೊರತು ಲಾಭವಿಲ್ಲ.

ಭಾರತದಲ್ಲಿ ಈ ಪ್ರಶ್ನೆಯು ಬಹುಕಾಲ ತೂಗಾಡಿತು. 2010ರ ಸುಮಾರಿಗೆ ದೆಹಲಿಯಲ್ಲಿ ಪ್ರಯೋಗ ನಡೆದಾಗ ದೇಹದ ಆಕೃತಿಯನ್ನೇ ತೋರಿಸುವ ಚಿತ್ರಕ್ಕೆ ಆಕ್ಷೇಪ ಬಂದು ಅದು ಅಲ್ಲಿಗೇ ನಿಂತಿತು. 2019ರ ಏಪ್ರಿಲಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 84 ಅತಿಸೂಕ್ಷ್ಮ ಮತ್ತು ಸೂಕ್ಷ್ಮ ನಿಲ್ದಾಣಗಳಲ್ಲಿ ಒಂದು ವರ್ಷದೊಳಗೆ ದೇಹಶೋಧಕಗಳನ್ನು ಸ್ಥಾಪಿಸಬೇಕೆಂದು ಆದೇಶಿಸಿತು. ಗಡುವು ಕಳೆಯಿತು, ಸಾಂಕ್ರಾಮಿಕವು ಬಂದಿತು, ಆದೇಶವು ಕಾಗದದಲ್ಲಿಯೇ ಉಳಿಯಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿ ಇಂಥ ಯಂತ್ರದ ಪ್ರಯೋಗವು 2023ರ ಕೊನೆಯಲ್ಲಿ ಪ್ರಕಟವಾಯಿತು. 2025ರ ಮೇ ತಿಂಗಳಲ್ಲಿ ದೆಹಲಿಯೂ ಪ್ರಯೋಗವನ್ನು ಸಾರುತ್ತ, ಒಬ್ಬೊಬ್ಬರಿಗೆ ಸುಮಾರು 3 ಸೆಕೆಂಡು ಸಾಕೆಂದೂ, ಪ್ರಯಾಣಿಕನ ಚಿತ್ರವನ್ನು ತೆಗೆಯುವುದಾಗಲಿ ಉಳಿಸಿಕೊಳ್ಳುವುದಾಗಲಿ ಇಲ್ಲವೆಂದೂ ಆಶ್ವಾಸನೆಯಿತ್ತಿತು.

ಈ ಕೊನೆಯ ಆಶ್ವಾಸನೆಯಲ್ಲಿಯೇ ಮಾನದ ಪ್ರಶ್ನೆಯೆಲ್ಲ ಅಡಗಿದೆ. ಹೊಸ ಯಂತ್ರದ ಮುಂದಿರುವ ಸಿಬ್ಬಂದಿಗೆ ಕಾಣುವುದು ನಮ್ಮ ದೇಹವಲ್ಲ. ಗಂಡೆಂದೂ ಹೆಣ್ಣೆಂದೂ ಹೇಳಲಾಗದ ಒಂದು ಬೊಂಬೆಯ ರೇಖಾಕೃತಿ, ಸಂಶಯ ಬಂದ ಕಡೆ ಅದರ ಮೇಲೆ ಒಂದು ಚೌಕ. ಏನೂ ಇಲ್ಲದಿದ್ದರೆ ಹಸುರು ಸೂಚನೆ ಮೂಡಿ ಪ್ರಯಾಣಿಕನು ಮುಂದೆ ನಡೆಯುತ್ತಾನೆ. ‘ಬತ್ತಲೆ ಕಾಣಿಸ್ತದಂತ’ ಎಂಬ ಮಾತು ಹೀಗೆ ಹಳೆಯ ಯಂತ್ರಕ್ಕೆ ಸಲ್ಲುವುದೇ ಹೊರತು ಇದಕ್ಕಲ್ಲ. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ, ದೇಹದ ಮೇಲ್ಮೈಯನ್ನು ಅಳೆಯದೆ ಚೌಕವನ್ನು ಎಲ್ಲಿ ಬರೆಯಬೇಕೆಂದು ಯಂತ್ರಕ್ಕೆ ತಿಳಿಯುವಂತಿಲ್ಲ. ಅಳತೆಯು ಒಳಗೆ ನಡೆದೇ ನಡೆಯುತ್ತದೆ, ಅದರ ಮೇಲೆ ಎಳೆದ ಪರದೆಯು ತಂತ್ರಾಂಶದ್ದು. ಪರದೆಯನ್ನು ಎಳೆಯಲು ಸಾಧ್ಯವಾದಂತೆ ಸರಿಸಲೂ ಸಾಧ್ಯ. ಅಮೆರಿಕೆಯ ಫ್ಲಾರಿಡಾದಲ್ಲಿ, ಆರ್ಲಾಂಡೋ ನಗರದ ನ್ಯಾಯಾಲಯವೊಂದರ ಬಾಗಿಲಲ್ಲಿದ್ದ ಮಿಲಿಮೀಟರ್ ತರಂಗದ ಯಂತ್ರವು ಸುಮಾರು 35,000 ಚಿತ್ರಗಳನ್ನು ಸದ್ದಿಲ್ಲದೆ ಸಂಗ್ರಹಿಸಿಟ್ಟಿದ್ದುದು 2010ರಲ್ಲಿ ಬಯಲಿಗೆ ಬಂದಿತು. ಅವುಗಳಲ್ಲಿ ನೂರನ್ನು ಜಗತ್ತೆಲ್ಲ ನೋಡಿತು. ಅವು ಅಸ್ಪಷ್ಟವಾದ ಚಿತ್ರಗಳಾಗಿದ್ದುವೆಂಬುದು ನಿಜ. ಆದರೆ ಸಂಗ್ರಹಿಸುವುದಿಲ್ಲವೆಂಬ ನಂಬಿಕೆಯ ಮೇಲೆ ನಡೆದುಹೋದವರಿಗೆ ಅಸ್ಪಷ್ಟತೆಯು ಏನು ಸಮಾಧಾನ?

ಚೌಕವು ಮೂಡಿದ ಮೇಲೆ ನಡೆಯುವುದಾದರೂ ಯಂತ್ರದ ಕೆಲಸವಲ್ಲ, ಮನುಷ್ಯರದು. ನಮ್ಮ ಸೀಮೆಯ ಪ್ರಯಾಣಿಕನೊಬ್ಬನನ್ನು ಆ ಪೀಠದ ಮೇಲೆ ನಿಲ್ಲಿಸಿ ನೋಡೋಣ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ, ನಡುವಿನಲ್ಲಿ ಬೆಳ್ಳಿಯ ಉಡಿದಾರ, ತೋಳಿನಲ್ಲಿ ತಾಯತ. ಬೊಂಬೆಯ ಮೇಲೆ ಮೂರು ಚೌಕಗಳು. ಬೆಲ್ಟನ್ನೋ ಗಡಿಯಾರವನ್ನೋ ಕಳಚಿ ತಟ್ಟೆಯಲ್ಲಿಡುವಂತೆ ಇಷ್ಟಲಿಂಗವನ್ನು ಕಳಚಿಡುವುದು, ಅದು ದೇಹದಿಂದ ಅಗಲಬಾರದೆಂದು ನಂಬಿದವನಿಗೆ, ಸಾಧ್ಯವಾದ ಮಾತಲ್ಲ. ಸ್ತ್ರೀಯರಿಗೆ ಮಾಂಗಲ್ಯವಿದೆ, ಕಾಲುಂಗುರವಿದೆ. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಅಂಗವನ್ನು ಧರಿಸಿದವರು, ಹೊಟ್ಟೆಗೆ ಮಲಚೀಲವನ್ನು ಅಂಟಿಸಿಕೊಂಡವರು, ಮನೆಯವರಿಗೂ ತೋರಿಸಲು ಸಂಕೋಚಪಡುವುದನ್ನು ಯಂತ್ರವು ಚೌಕದಿಂದ ಬೆರಳಿಟ್ಟು ತೋರಿಸುತ್ತದೆ. ಅಮೆರಿಕೆಯಲ್ಲಿ ಸಿಬ್ಬಂದಿಯು ಗಂಡು ಅಥವಾ ಹೆಣ್ಣು ಎಂಬ ಗುಂಡಿಯನ್ನು ಒತ್ತಿಯೇ ಯಂತ್ರವನ್ನು ನಡೆಸಬೇಕಾಗಿದ್ದ ಕಾಲದಲ್ಲಿ, ಲಿಂಗಪರಿವರ್ತಿತರು ಒಂದಲ್ಲ ಒಂದು ಕಡೆ ಸಂಶಯಿತರಾಗುತ್ತಿದ್ದರು; 2023ರಿಂದ ಅಲ್ಲಿ ಆ ಭೇದವನ್ನು ತೆಗೆದುಹಾಕಲಾಯಿತು. ಸವದತ್ತಿಯ ಎಲ್ಲಮ್ಮನ ಜೋಗಪ್ಪಗಳನ್ನು ಬಲ್ಲ ನಮಗೆ ಈ ತೊಡಕಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಯಂತ್ರವಿಲ್ಲದ ಕಾಲವು ಮಾನರಕ್ಷಣೆಯ ಸುವರ್ಣಯುಗವಾಗಿತ್ತೆಂದು ತಿಳಿಯುವುದು ಭ್ರಾಂತಿ. ಕೃತಕ ಕಾಲಿನಲ್ಲಿ ನರ್ತಿಸಿ ದೇಶದ ಗೌರವಕ್ಕೆ ಪಾತ್ರರಾದ ಸುಧಾ ಚಂದ್ರನ್ ಅವರು, ಪ್ರತಿ ಸಲವೂ ಕಾಲನ್ನು ಕಳಚಿ ತೋರಿಸಬೇಕಾದ ಯಾತನೆಯನ್ನು 2021ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳಿಗೇ ನಿವೇದಿಸಿದರು. ಭದ್ರತಾ ಪಡೆಯು ಕ್ಷಮೆ ಕೇಳಿತು. 2023ರ ಜನವರಿಯಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ತಪಾಸಣೆಯ ವೇಳೆ ಅಂಗಿಯನ್ನು ತೆಗೆಯುವಂತೆ ಹೇಳಲಾಯಿತೆಂದು ತರುಣ ಸಂಗೀತಗಾರ್ತಿಯೊಬ್ಬರು ಆಪಾದಿಸಿದಾಗ ನಿಲ್ದಾಣದ ಆಡಳಿತವು ವಿಷಾದವನ್ನು ವ್ಯಕ್ತಪಡಿಸಿತು. ಈ ಎರಡು ಪ್ರಸಂಗಗಳಲ್ಲಿಯೂ ದೇಹಶೋಧಕ ಯಂತ್ರದ ಮಾತೇ ಇರಲಿಲ್ಲ. ಮಾನವು ಹೋಗುವುದೂ ಉಳಿಯುವುದೂ ಸಾಧನದಿಂದಲ್ಲ, ಸಾಧನವನ್ನು ನಡೆಸುವ ನಿಯಮದಿಂದ ಮತ್ತು ಆ ನಿಯಮವನ್ನು ಪಾಲಿಸುವ ಮನುಷ್ಯನ ಶಿಕ್ಷಣದಿಂದ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ನಿಯಮಕ್ಕೆ ಅಳತೆಗೋಲು ನಮ್ಮಲ್ಲಿಯೇ ಸಿದ್ಧವಾಗಿದೆ, ಅದನ್ನು ದೊರಕಿಸಿಕೊಟ್ಟವರೂ ಕರ್ನಾಟಕದವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು; ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಆ ಹಕ್ಕನ್ನು ಸರ್ಕಾರವು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅತಿಕ್ರಮಣವಿರಬಾರದು. ದೇಹಶೋಧಕ ಯಂತ್ರವನ್ನು ಈ ಗೋಲಿನಿಂದ ಅಳೆದರೆ, ಸ್ಫೋಟಕವನ್ನು ತಡೆಯುವ ಉದ್ದೇಶದ ನ್ಯಾಯದಲ್ಲಿ ಸಂದೇಹವಿಲ್ಲ. ಬೊಂಬೆಯ ಚಿತ್ರವು ಅತಿಕ್ರಮಣವನ್ನು ಬಹುಮಟ್ಟಿಗೆ ತಗ್ಗಿಸಿದೆ. ಕೊರತೆಯಿರುವುದು ಪಾರದರ್ಶಕತೆಯಲ್ಲಿ. ಚಿತ್ರವನ್ನು ಉಳಿಸುವುದಿಲ್ಲವೆಂದು ಹೇಳಿದರೆ ಸಾಲದು, ಉಳಿಸಿಲ್ಲವೆಂಬುದನ್ನು ನಿಲ್ದಾಣದ ಆಡಳಿತಕ್ಕೂ ತಯಾರಕರಿಗೂ ಸೇರದ ಪರೀಕ್ಷಕರು ಕಾಲಕಾಲಕ್ಕೆ ನೋಡಿ ಪ್ರಕಟಿಸಬೇಕು. ಹುಸಿ ಎಚ್ಚರಿಕೆಗಳು ಸೀರೆಯುಟ್ಟವರ ಮೇಲೆ ಎಷ್ಟು, ಷರಾಯಿ ತೊಟ್ಟವರ ಮೇಲೆ ಎಷ್ಟು ಎಂಬ ಲೆಕ್ಕವನ್ನು ಪ್ರಯೋಗದ ಫಲಿತಾಂಶದೊಡನೆ ಜನರ ಮುಂದಿಡಬೇಕು. ಯಂತ್ರವು ಬೇಡವೆನ್ನುವವನಿಗೆ ಹಳೆಯ ಕೈತಪಾಸಣೆಯ ದಾರಿಯು ತೆರೆದಿರಬೇಕು, ಅದನ್ನು ಆರಿಸಿಕೊಂಡವನನ್ನು ಅಪರಾಧಿಯಂತೆ ಕಾಣಬಾರದು. ಈ ಸಂಗತಿಗಳೆಲ್ಲವೂ ಯಂತ್ರದ ಪಕ್ಕದಲ್ಲಿ ಕನ್ನಡದಲ್ಲಿ, ಕನ್ನಡಕವಿಲ್ಲದವರಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಇರಬೇಕು. ಬೆಂಗಳೂರಿನಿಂದ ಈ ಯಂತ್ರಗಳು ನಾಳೆ ಹುಬ್ಬಳ್ಳಿಗೂ ಸಾಂಬ್ರೆಗೂ ಬರುವ ಮುನ್ನ ಈ ವ್ಯವಸ್ಥೆಯು ಆಗುವುದು ಸುಲಭ, ಬಂದು ನೆಲೆಯೂರಿದ ಮೇಲೆ ಕಷ್ಟ.

ಓದುಗರಿಗೆ ಹೇಳತಕ್ಕದ್ದು ಇಷ್ಟು. ಯಂತ್ರದ ತರಂಗಕ್ಕೆ ಅಂಜಿ ಪ್ರಯಾಣವನ್ನು ನಿಲ್ಲಿಸಬೇಡಿರಿ, ಬಸುರಿಯಾದ ಮಗಳನ್ನು ಅಂಜಿಸಲೂ ಬೇಡಿರಿ. ಜೇಬನ್ನು ಬರಿದುಮಾಡಿಕೊಂಡು, ದಪ್ಪ ಜರಿಯ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಹಗುರವಾದುದನ್ನು ಉಟ್ಟುಕೊಂಡು ಹೋದರೆ ಅರ್ಧ ತೊಂದರೆಯು ತಪ್ಪುತ್ತದೆ. ಮೈಮೇಲಿರುವ ಕರಡಿಗೆ, ಕೃತಕ ಅಂಗ, ಔಷಧದ ಸಾಧನ ಏನೇ ಇರಲಿ, ಪೀಠವನ್ನೇರುವ ಮೊದಲೇ ಸಿಬ್ಬಂದಿಗೆ ತಿಳಿಸಿರಿ. ಹೆಂಗಸರ ತಪಾಸಣೆಯನ್ನು ಹೆಂಗಸರೇ ಮಾಡಬೇಕೆಂದೂ, ಬಟ್ಟೆಯನ್ನು ಸರಿಸಬೇಕಾಗಿ ಬಂದರೆ ಮುಚ್ಚಿದ ಕೋಣೆ ಬೇಕೆಂದೂ, ಜೊತೆಯಲ್ಲಿ ಮನೆಯವರೊಬ್ಬರು ಇರಬೇಕೆಂದೂ ಕನ್ನಡದಲ್ಲಿಯೇ, ಶಾಂತವಾಗಿ, ಹಿಂಜರಿಯದೆ ಕೇಳಿರಿ.